ಮಲ್ಲಾಜಮ್ಮನ ಆಣೆ ಮತ್ತು ಕೇಳದೆ ಮುಚ್ಚಿಕೊಂಡ ಫೈಲು

ನಮ್ಮ ಕಡೆಯ ಜನ ಮಗನ ಮದುವೆಗೆ ಯಾರು ಬರಲಿಲ್ಲ ಎನ್ನುವುದನ್ನು ನಾಲ್ಕು ವರ್ಷಕ್ಕೆ ಮರೆಯುತ್ತಾರೆ. ಗದ್ದೆಗೆ ನೀರು ಬಾರದೆ ಹೋದ ದಿನವನ್ನು ಮಾತ್ರ ಮೊಮ್ಮಕ್ಕಳ ಕಿವಿಗೂ ಹಾಕಿ ಹೋಗುತ್ತಾರೆ. ಹಾಗಿರುವಾಗ ಒಂದಿಡೀ ಊರಿಗೆ ಸರದಿಯ ಮೇಲೆ ನೀರು ಹಂಚುವುದೆಂದರೆ ಹುಡುಗಾಟದ ಮಾತೆ? ಕೆ.ಆರ್. ನಗರ ತಾಲ್ಲೂಕಿನ ಬಸರಿಕೊಪ್ಪಲಿನಲ್ಲಿ ಆ ಕೆಲಸ ಮಾಡುವವಳು ಮಲ್ಲಾಜಮ್ಮ.

ಊರಿನ ಲಕ್ಷಣ ಮೊದಲು ಕೇಳಿ. ಚುಂಚನಕಟ್ಟೆ ಕಡೆಯಿಂದ ಬರುವ ನಾಲೆ ಊರ ಮಗ್ಗುಲಲ್ಲಿ ಒಂದು ಮರಿನಾಲೆಯಾಗಿ ಕವಲೊಡೆಯುತ್ತದೆ. ಮರಿನಾಲೆಯ ಉದ್ದಕ್ಕೂ ತೂಬುಗಳು, ಒಂದೊಂದು ತೂಬಿಗೂ ಒಂದಷ್ಟು ಗದ್ದೆಗಳು. ಎಲ್ಲ ತೂಬನ್ನೂ ಒಟ್ಟಿಗೆ ತೆಗೆದರೆ ನೀರು ಯಾರ ಗದ್ದೆಗೂ ಸರಿಯಾಗಿ ಏರುವುದಿಲ್ಲ. ಅದಕ್ಕೇ ಇಂದು ಇವರದು, ನಾಳೆ ಅವರದು ಎಂದು ಸರದಿ. ಆ ಸರದಿಯನ್ನು ಕಾಯುವವರಿಗೆ ನೀರುಗಂಟಿ ಎನ್ನುತ್ತಾರೆ.

ಮಲ್ಲಾಜಮ್ಮನ ಅಪ್ಪ ದಾಸಯ್ಯ ನೀರುಗಂಟಿಯಾಗಿದ್ದ. ಅಕ್ಷರ ಬಾರದ ಮನುಷ್ಯ. ಮೊದಲ ತೂಬಿನ ಪಕ್ಕದ ಬಂಡೆಯ ಮೇಲೆ ಬೆಣಚುಕಲ್ಲುಗಳನ್ನು ಸಾಲಾಗಿ ಇಟ್ಟಿದ್ದ. ಒಂದೊಂದು ಕಲ್ಲು ಒಬ್ಬೊಬ್ಬರ ಸರದಿ. ಯಾರಾದರೂ ಮುಖ ಕೆಂಪಗೆ ಮಾಡಿಕೊಂಡು ತಕರಾರಿಗೆ ಬಂದರೆ ಆಗದು ಎಂಬ ಮಾತನ್ನೇ ಅವನು ಆಡುತ್ತಿರಲಿಲ್ಲ. ಆಗಲಿ ಬುದ್ದಿ ಎಂದು ಬಂದವನ ಕಲ್ಲನ್ನು ಎತ್ತಿ ಅವನು ಕೇಳಿದ ಜಾಗದಲ್ಲೇ ಇಟ್ಟುಬಿಡುವನು. ಬಂದವನಿಗೆ ಅರ್ಧ ಸಿಟ್ಟು ಅಲ್ಲೇ ಇಳಿಯುವುದು. ಆಮೇಲೆ ಮಿಕ್ಕ ಕಲ್ಲುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ, ಇವರು ಹೀಗೆ ಹಿಂದೆ ಬಿದ್ದರು, ಇವರದು ಒಣಗಿತು, ಈಗ ಇವರಿಗೆ ಏನು ಹೇಳೋಣ ನೀವೇ ಹೇಳಿ ಎನ್ನುವನು. ನೋಡುತ್ತ ನೋಡುತ್ತ ಬಂದವನೇ ಕಲ್ಲನ್ನು ಮೊದಲಿದ್ದಲ್ಲಿಗೆ ಎಳೆದಿಟ್ಟು ಎದ್ದು ಹೋಗುವನು. ದಾಸಯ್ಯನ ಕಾಲದಲ್ಲಿ ಆ ಬಂಡೆಯ ಮೇಲೆ ಎಷ್ಟೋ ಜಗಳ ಹೀಗೆ ತಣ್ಣಗಾಗಿದ್ದವು. ತೋರಿಸಲು ಸರಿಸಿದ ಕಲ್ಲು ಸರದಿಯಲ್ಲ, ನೀರುಗಂಟಿ ಬಾಯಿಬಿಟ್ಟು ಹೇಳಿದ್ದು ಮಾತ್ರ ಸರದಿ ಎನ್ನುವುದು ಊರಿಗೆಲ್ಲ ತಿಳಿದ ವಿಷಯ.

ಮಲ್ಲಾಜಮ್ಮನನ್ನು ಹುಣಸೂರಿನ ಕಡೆ, ಗಾವಡಗೆರೆಗೆ ಮದುವೆ ಮಾಡಿ ಕೊಟ್ಟಿದ್ದರು. ಅಪ್ಪನ ಮೊಣಕಾಲು ಸೋತು ಏರಿಯ ಮೇಲೆ ನಡೆಯಲು ಆಗದಂತಾದಾಗ ಅವಳು ಗಂಡ ಸ್ವಾಮಿಯನ್ನು ಕರೆದುಕೊಂಡು ತವರಿಗೇ ಬಂದು ನಿಂತಳು. ಮನೆ ಅಳಿಯ ಎಂದು ಊರಿನ ಗಂಡಸರು ಸ್ವಾಮಿಯನ್ನು ಕಿಚಾಯಿಸಿದರೆ ಅವನು ನಗುತ್ತ, ನಮ್ಮೂರಲ್ಲಿ ನೀರು ಬೇಕಾದರೆ ಆಕಾಶ ನೋಡಬೇಕು, ಇಲ್ಲಿ ನೀವೆಲ್ಲ ನನ್ನ ಹೆಂಡತಿಯ ಮುಖ ನೋಡಬೇಕು, ಯಾವುದು ಮೇಲು ನೀವೇ ಹೇಳಿ ಎನ್ನುತ್ತಿದ್ದ. ಅಲ್ಲಿಗೆ ಅವರ ಬಾಯಿ ಕಟ್ಟುತ್ತಿತ್ತು.

ಅವಳಿಗೊಬ್ಬ ಗೆಳತಿ. ಹೆಸರು ನೀಲಾಂಬಿಕೆ. ಲಿಂಗಾಯತರ ಮನೆಯ ಹೆಣ್ಣು. ಇಬ್ಬರೂ ಸಾಲಿಗ್ರಾಮದ ಹೈಸ್ಕೂಲಿಗೆ ನಾಲೆ ಏರಿಯ ಮೇಲೆ ಒಟ್ಟಿಗೆ ನಡೆದು ಹೋಗುತ್ತಿದ್ದವರು. ನೀಲಾಂಬಿಕೆ ಬಾಯಿ ಸತ್ತ ಹುಡುಗಿ. ಬೆಂಚಿನಲ್ಲಿ ಯಾರಾದರೂ ಒತ್ತಿಕೊಂಡು ಕೂತರೆ ಎದ್ದು ಹಿಂದಿನ ಬೆಂಚಿಗೆ ಹೋಗುವ ಸ್ವಭಾವ. ಅದೇ ಊರಿನ ಕಂಠಪ್ಪನನ್ನು ಮದುವೆಯಾಗಿ ಊರಲ್ಲೇ ಉಳಿದಳು. ಕಂಠಪ್ಪ ಹೊಗೆಸೊಪ್ಪು ಬೇಯಿಸುವುದರಲ್ಲಿ ಪಳಗಿದವನು; ಸೊಪ್ಪಿನ ಕಾಲ ಬಂತೆಂದರೆ ಪಿರಿಯಾಪಟ್ಟಣದ ಕಡೆ ಸೊಪ್ಪು ಹದಮಾಡುವ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಲು ಹೋಗಿಬಿಡುತ್ತಾನೆ. ಇಲ್ಲಿ ಭತ್ತದ ನಾಟಿ ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಉಳುಮೆ, ನಾಟಿ, ಆಳು ಎಲ್ಲ ಇವಳದೇ. ಇವಳ ಗದ್ದೆ ಇರುವುದು ಮರಿನಾಲೆಯ ಕಟ್ಟಕಡೆಯ ತೂಬಿನಲ್ಲಿ. ಮೇಲಿನವರೆಲ್ಲ ಸರದಿಯಂತೆ ನಡೆದುಕೊಂಡರೆ ಮಾತ್ರ ಅಲ್ಲಿಗೆ ನೀರು. ವರ್ಷ ವರ್ಷವೂ ಅವಳು ಆ ನೀರನ್ನು ನಂಬಿದ್ದಳು ಎನ್ನುವುದಕ್ಕಿಂತ ಮಲ್ಲಾಜಮ್ಮನನ್ನು ನಂಬಿದ್ದಳು ಎನ್ನುವುದೇ ಸರಿ.

ಕಾಲ ಬದಲಾಯಿತು. ನೀರು ಬಳಸುವ ರೈತರದೇ ಒಂದು ಸಂಘವಾಯಿತು, ಸಂಘಕ್ಕೆ ಒಂದು ಕೋಣೆಯಾಯಿತು, ಕೋಣೆಗೆ ಒಂದು ಕಂಪ್ಯೂಟರ್ ಬಂತು. ತೂಬು ತಿರುಗಿಸಲು ಮಂಟಯ್ಯ ಎಂಬ ವಯಸ್ಸಾದವನನ್ನು ಇಟ್ಟುಕೊಂಡರು. ಸರದಿಯ ಲೆಕ್ಕಾಚಾರ ಮಲ್ಲಾಜಮ್ಮನಿಗೇ ಉಳಿಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ್ದಳಲ್ಲ, ಕೆ.ಆರ್. ನಗರಕ್ಕೆ ಹೋಗಿ ಎಕ್ಸೆಲ್ ಕಲಿತು ಬಂದಳು. ಅವಳಿಗೆ ಅದು ಹಿಡಿಸಿಯೂಬಿಟ್ಟಿತು. ಸಾಲುಸಾಲು ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ಎತ್ತಿ ಮೇಲಿಟ್ಟರೆ ಮೇಲೆ, ಕೆಳಗಿಟ್ಟರೆ ಕೆಳಗೆ. ನಮ್ಮಪ್ಪನ ಬಂಡೆಯನ್ನೇ ಯಾರೋ ಗಾಜಿನೊಳಗೆ ಇಟ್ಟಹಾಗಿದೆ ಎಂದು ಸ್ವಾಮಿಗೆ ಹೇಳಿ ನಕ್ಕಿದ್ದಳು.

ಬಂಡೆ ಗಾಜಿನೊಳಗೆ ಬಂದರೂ ಅಪ್ಪನ ರೀತಿ ಅವಳ ಕೈಬಿಡಲಿಲ್ಲ. ತಕರಾರಿನವರು ಬಂದರೆ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಅವರ ಹೆಸರನ್ನು ಕೇಳಿದ ಜಾಗಕ್ಕೆ ಎತ್ತಿ, ಯಾರ ಯಾರ ಹೆಸರು ಎಲ್ಲೆಲ್ಲಿಗೆ ಬಿತ್ತು ಎಂದು ತೋರಿಸುವಳು. ಅವರು ಸಮಾಧಾನವಾಗಿ ಹೋದಮೇಲೆ ಫೈಲು ಮುಚ್ಚುವಳು. ಮುಚ್ಚುವಾಗ ಒಂದು ಚಿಕ್ಕ ಪೆಟ್ಟಿಗೆ ಎದ್ದು, ಬದಲಾಯಿಸಿದ್ದನ್ನು ಉಳಿಸಿಕೊಳ್ಳಲೋ ಬೇಡವೋ ಎಂದು ಕೇಳುತ್ತದೆ. ಇವಳು ಬೇಡ ಎಂದು ಒತ್ತುವಳು. ಸರದಿ ಮೊದಲಿದ್ದಂತೆಯೇ ಇರುವುದು. ನಿಜವಾಗಿ ಬದಲಾಯಿಸಬೇಕಾದಾಗ ಮಾತ್ರ ಸೇವ್ ಮಾಡುವಳು.

ಬೇಡ ಎಂದು ಒತ್ತಿ ಒತ್ತಿ ಬೆರಳಿಗೆ ಅದೇ ಅಭ್ಯಾಸವಾಯಿತು. ಈ ಸಲ ನಾಟಿಗೆ ಮುಂಚೆ ಸಂಘದ ಸಭೆ ಕೂಡಿ ಇಡೀ ಹಂಗಾಮಿನ ಸರದಿ ತೀರ್ಮಾನವಾಯಿತು. ಮಲ್ಲಾಜಮ್ಮ ಬೆಳಗಿನಿಂದ ಕೂತು ಅದನ್ನೆಲ್ಲ ತುಂಬಿ, ಸೊಂಟ ಹಿಡಿದು, ಮುಚ್ಚಲು ಹೋದಳು. ಪೆಟ್ಟಿಗೆ ಎದ್ದು ಕೇಳಿತು. ಬೆರಳು ತನ್ನ ಪಾಡಿಗೆ ತಾನು ಬೇಡ ಎಂದು ಒತ್ತಿತು. ಹೋಯಿತು, ಅಷ್ಟೂ ಹೋಯಿತು.

ಅವಳು ಅದನ್ನು ಮತ್ತೆ ತುಂಬಿದಳೆನ್ನಿ. ಆದರೆ ಹೆದರಿಬಿಟ್ಟಳು. ಸಾಲಿಗ್ರಾಮದಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ಎಂದು ಅಂಗಡಿ ಇಟ್ಟಿರುವ ಗೌರೀಶ್ ಎನ್ನುವವನು ಸಂಘದ ಕಂಪ್ಯೂಟರನ್ನೂ ನೋಡಿಕೊಳ್ಳುತ್ತಾನೆ. ಅವನನ್ನು ಕರೆಸಿ, ನಾನು ಬರೆದದ್ದು ಇನ್ನು ಯಾವ ಕಾರಣಕ್ಕೂ ಹೋಗಬಾರದು, ಹಾಗೊಂದು ಏರ್ಪಾಡು ಮಾಡು ಎಂದಳು. ಗೌರೀಶ್ ಫೈಲಿನ ಹಿಂದುಗಡೆ ಯಾವುದೋ ಕಿಟಕಿ ತೆರೆದು ನಾಲ್ಕು ಸಾಲು ಬರೆದ. ಇದಕ್ಕೆ ಮ್ಯಾಕ್ರೊ ಅಂತಾರೆ, ಫೈಲಿಗೆ ನಾವು ಹೇಳಿಕೊಡುವ ಬುದ್ಧಿ ಇದು ಎಂದು ವಿವರಿಸಿದ.

"ಇನ್ಮೇಲೆ ನೀವು ಮುಚ್ಚೋಕೆ ಹೋದ್ರೆ ಅದು ಮೊದ್ಲು ತಾನೇ ಸೇವ್ ಮಾಡ್ಕೊಂಡು ಆಮೇಲೆ ಮುಚ್ಕೊಳುತ್ತೆ ಅಕ್ಕ. ನಿಮ್ಮನ್ನ ಕೇಳೋದೇ ಇಲ್ಲ. ನೀವು ಆರಾಮಾಗಿರಿ."

ಮಲ್ಲಾಜಮ್ಮ ಆರಾಮವಾದಳು. ಬರೆದದ್ದು ಹೋಗುವುದಿಲ್ಲ ಎನ್ನುವುದು ಅವಳ ತಲೆಗೆ ಹೋಯಿತು. ತೋರಿಸಿದ್ದು ಕೂಡ ಹೋಗುವುದಿಲ್ಲ ಎನ್ನುವುದು ಹೋಗಲಿಲ್ಲ. ಹೋಗುವುದಾದರೂ ಹೇಗೆ? ತೋರಿಸುವುದೇ ಬೇರೆ, ಬರೆಯುವುದೇ ಬೇರೆ ಎಂದು ನಂಬಿದ ಮನೆಯಲ್ಲಿ ಹುಟ್ಟಿದವಳು ಅವಳು. ಗೌರೀಶನಿಗೋ, ಬರೀ ತೋರಿಸಲಿಕ್ಕೆ ಬರೆದು ಆಮೇಲೆ ಬೇಡ ಎನ್ನುವ ಜನ ಇದ್ದಾರೆ ಎಂದು ಗೊತ್ತಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಮೇಲಿನ ತೂಬಿನ ಸಿದ್ದರಾಜು ಬಂದ. ಗದ್ದೆಯೂ ದೊಡ್ಡದು, ಗಂಟಲೂ ದೊಡ್ಡದು. ತನ್ನ ಒಟ್ಲಿನ, ಅಂದರೆ ಸಸಿಮಡಿಯ, ಪೈರು ಬಲಿತು ಮೊಣಕಾಲಿಗೆ ಬಂದಿದೆ, ತನಗೆ ಈ ಗುರುವಾರವೇ ನೀರು ಬೇಕು ಎಂದು ಬಾಗಿಲಲ್ಲೇ ನಿಂತು ಕೂಗಾಡಿದ. ಗುರುವಾರ ನೀಲಾಂಬಿಕೆಯ ಸರದಿ. ಮಲ್ಲಾಜಮ್ಮ ಅವನನ್ನು ಕೂರಿಸಿಕೊಂಡು, ಆಗಲಿ ನೋಡೋಣ ಎಂದು, ಅವನ ಹೆಸರನ್ನು ಎತ್ತಿ ಗುರುವಾರಕ್ಕೆ ಇಟ್ಟಳು. ನೀಲಾಂಬಿಕೆಯ ಹೆಸರು ಜಾರಿ ಸುತ್ತಿನ ಕೊನೆಗೆ ಬಿತ್ತು. ಅಷ್ಟು ಹೊತ್ತಿಗೆ ನಾಲೆಯ ದುರಸ್ತಿಗೆಂದು ನೀರು ನಿಲ್ಲಿಸುವ ದಿನಗಳು ಬರುತ್ತವೆ. ಅವಳು ಅದನ್ನು ಬೆರಳಿಟ್ಟು ತೋರಿಸಿದಳು.

ಸಿದ್ದರಾಜು ಪರದೆಯನ್ನು ಸ್ವಲ್ಪ ಹೊತ್ತು ನೋಡಿದ. "ಬ್ಯಾಡ ಬುಡಕ್ಕ. ಆಯಮ್ಮನ ಹೊಟ್ಟೆ ಉರ್ಸಿ ನಾನೇನು ಉಣ್ಲಿ. ನನ್ದು ಇದ್ದಂಗೇ ಇರ್ಲಿ," ಎಂದು ಎದ್ದು ಹೋದ. ದೊಡ್ಡ ಗಂಟಲಿನವರಿಗೂ ಒಳ್ಳೆಯ ಗಳಿಗೆ ಇರುತ್ತದೆ.

ಮಲ್ಲಾಜಮ್ಮ ಮೂಲೆಯ ಗುಣಿಸುವ ಗುರುತನ್ನು ಒತ್ತಿದಳು. ಫೈಲು ಏನೂ ಕೇಳಲಿಲ್ಲ. ತಣ್ಣಗೆ ಮುಚ್ಚಿಕೊಂಡಿತು. ಅವಳಿಗೆ ಖುಷಿಯಾಯಿತು. ಇಷ್ಟು ದಿನ ಕೇಳಿದಾಗಲೆಲ್ಲ ಬೇಡ ಬೇಡ ಅನ್ನುತ್ತಿದ್ದೆನಲ್ಲ, ಪಾಪ, ಕಲಿತುಕೊಂಡಿದೆ ಎಂದುಕೊಂಡಳು. ಹೇಳದೇ ಅರ್ಥಮಾಡಿಕೊಳ್ಳುವ ಸೊಸೆಯನ್ನು ಕಂಡ ಅತ್ತೆಯ ಹಾಗೆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ ಮನೆಗೆ ಹೋದಳು.

ನಿಮಗೆ ಈಗ ಗೊತ್ತು. ಅವಳಿಗೆ ಗೊತ್ತಿಲ್ಲ. ಅದೇ ಈ ಕಥೆಯ ಸಂಕಟ.

ಮಾರನೆಯ ಬೆಳಿಗ್ಗೆ ಆ ಸುತ್ತಿನ ಸರದಿಯನ್ನು ಮುದ್ರಿಸಿ ಒಂದನ್ನು ಮಂಟಯ್ಯನ ಕೈಗೆ ಕೊಟ್ಟಳು, ಒಂದನ್ನು ಸಂಘದ ಬಾಗಿಲಿಗೆ ಅಂಟಿಸಿದಳು. ಓದಲಿಲ್ಲ. ತಾನೇ ಬಾಯಿಪಾಠ ಮಾಡಿಕೊಂಡಿರುವ ಸರದಿಯನ್ನು ಯಾರಾದರೂ ಓದುತ್ತಾರೆಯೇ? ಬಾಗಿಲ ಹತ್ತಿರ ಬಂದವರು ತಮ್ಮ ತಮ್ಮ ಹೆಸರು ಹುಡುಕಿಕೊಂಡು ಹೋದರು. ಸಿದ್ದರಾಜುವೂ ಬಂದ, ಗುರುವಾರದ ಎದುರು ತನ್ನ ಹೆಸರು ಕಂಡ. ಅಕ್ಕ ಮನಸ್ಸು ಬದಲಾಯಿಸಿ ನನ್ನ ಕಡೆ ಮಾಡಿದ್ದಾಳೆ, ಬಾಯಿಬಿಟ್ಟರೆ ಅವಳಿಗೇ ತೊಂದರೆ ಎಂದು ಅವನು ತೆಪ್ಪಗೆ ಮನೆಗೆ ನಡೆದ. ನೀಲಾಂಬಿಕೆ ಬಾಗಿಲ ಕಡೆ ಬರಲೇ ಇಲ್ಲ. ಗುರುವಾರ ನಿನ್ನದು ಎಂದು ಮಲ್ಲಾಜಮ್ಮ ಬಾಯಾರೆ ಹೇಳಿದ ಮೇಲೆ ಕಾಗದ ಯಾಕೆ?

ಗುರುವಾರ ಬೆಳಕು ಹರಿಯುವ ಮೊದಲೇ ನೀಲಾಂಬಿಕೆ ನಾಟಿ ಆಳುಗಳನ್ನು ಕರೆದುಕೊಂಡು ಗದ್ದೆಗೆ ಹೋದಳು. ಒಟ್ಲಿನ ಪೈರನ್ನೆಲ್ಲ ಕಿತ್ತು, ಕಟ್ಟು ಕಟ್ಟಿ, ಬದುವಿನ ಮೇಲೆ ಸಾಲಾಗಿ ಇಡಿಸಿದಳು. ಗದ್ದೆ ಮಾಡಿದವರಿಗೆ ಗೊತ್ತು, ನೆಲದಲ್ಲಿರುವ ಪೈರು ಕಾಯುತ್ತದೆ, ಕಿತ್ತ ಪೈರು ಕಾಯುವುದಿಲ್ಲ. ನೀರು ಬಂದಕೂಡಲೆ ಕೆಸರು ಮಾಡಿ ಊರಿಬಿಡಬೇಕು. ಅವರು ಕಾಲುವೆಯನ್ನೇ ನೋಡುತ್ತ ಕೂತರು. ಬಿಸಿಲು ಏರಿತು. ಕಾಲುವೆಯ ತಳದಲ್ಲಿ ನಿನ್ನೆಯ ಹಸಿ ಒಣಗಿ ಬಿರುಕು ಕಾಣಿಸಿತು. ಪೈರಿನ ತುದಿ ಸುರುಟಿಕೊಳ್ಳತೊಡಗಿತು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬಳು ಏರಿಯ ಮೇಲೆ ಮೇಲಕ್ಕೆ ಹೋಗಿ ನೋಡಿ ಓಡುತ್ತ ಬಂದಳು. ಸಿದ್ದರಾಜುವಿನ ತೂಬು ತೆರೆದಿದೆ, ಅವನ ಗದ್ದೆ ಕೆರೆಯಾಗಿದೆ.

ನೀಲಾಂಬಿಕೆಗೆ ಅದು ಅರ್ಥವಾಗಲೇ ಇಲ್ಲ. ಸೀರೆ ಎತ್ತಿಕಟ್ಟಿ ಏರಿಯ ಮೇಲೆ ನಡೆದಳು.

ಸುದ್ದಿ ಅವಳಿಗಿಂತ ಮುಂದೆ ಹೋಗಿತ್ತು. ಮಲ್ಲಾಜಮ್ಮ ಸಿದ್ದರಾಜುವಿನ ತೂಬಿನ ಹತ್ತಿರ ಬರುವಷ್ಟರಲ್ಲಿ ಜನ ಸೇರಿದ್ದರು. ಮಂಟಯ್ಯ ಕೈಯಲ್ಲಿದ್ದ ಕಾಗದ ಚಾಚಿ, ಇದರಲ್ಲಿದ್ದಂತೆ ತೆಗೆದೆ ಎಂದ. ಮಲ್ಲಾಜಮ್ಮ ಕಾಗದ ಇಸಿದುಕೊಂಡು ನೋಡಿದಳು. ಗುರುವಾರ, ಸಿದ್ದರಾಜು. ಕೆಳಗೆ ಕೆಳಗೆ ಕಣ್ಣು ಇಳಿಸಿದಳು. ಕಟ್ಟಕಡೆಗೆ ನೀಲಾಂಬಿಕೆ. ಕಾಗದ ತಿರುಗಿಸಿ ಹಿಂಭಾಗ ನೋಡಿದಳು, ಅಲ್ಲೇನಾದರೂ ಇರಬಹುದು ಎನ್ನುವಂತೆ. ಇದು ನಾನು ಮಾಡಿದ ಸರದಿಯಲ್ಲ ಎಂದಳು. ಮತ್ತೆ ಯಾರು ಮಾಡಿದ್ದು ಎಂದು ಯಾರೋ ಕೇಳಿದರು. ಸಿದ್ದರಾಜುವಿನ ಮನೆಯಿಂದ ಏನು ಬಂತು ಎಂದು ಹಿಂದಿನಿಂದ ಇನ್ಯಾರೋ ಅಂದರು. ಸಿದ್ದರಾಜು ನೆಲ ನೋಡುತ್ತ ನಿಂತಿದ್ದ. ಅಕ್ಕನನ್ನು ಕಾಪಾಡುತ್ತಿದ್ದೇನೆ ಎಂದು ಅವನ ಲೆಕ್ಕ.

ನೀಲಾಂಬಿಕೆ ಬಂದಳು. ಬೈಯಲಿಲ್ಲ, ಅಳಲಿಲ್ಲ. ಗೆಳತಿಯ ಮುಖವನ್ನೇ ನೋಡಿದಳು. ಬೈದಿದ್ದರೆ ಮಲ್ಲಾಜಮ್ಮ ತಡೆದುಕೊಳ್ಳುತ್ತಿದ್ದಳೇನೋ.

ಬಸರಿಕೊಪ್ಪಲಿನ ನೀರುಗಂಟಿಗಳಲ್ಲಿ ಒಂದು ನಡಾವಳಿ ಇದೆ. ಅವರ ಮೇಲೆ ಅನುಮಾನ ಬಂದರೆ ಹರಿಯುವ ನೀರಿಗೆ ಇಳಿದು, ಬೊಗಸೆಯಲ್ಲಿ ನೀರು ಎತ್ತಿ ಮಾತು ಹೇಳಬೇಕು. ಹಾಗೆ ಹೇಳಿದ ಮೇಲೆ ಅವರನ್ನು ಯಾರೂ ಮತ್ತೆ ಕೇಳುವ ಹಾಗಿಲ್ಲ. ಹೇಳಿದ್ದು ಸುಳ್ಳೆಂದು ಕಂಡುಬಂದರೆ ಅವರು ಆ ಮೇಲೆ ನೀರಿನ ಸುದ್ದಿಗೆ ಬರುವ ಹಾಗಿಲ್ಲ. ದಾಸಯ್ಯ ಕೂಡ ಬದುಕಿನಲ್ಲಿ ಒಮ್ಮೆ ಮಾತ್ರ ಹಾಗೆ ನೀರಿಗಿಳಿದಿದ್ದ.

ಮಲ್ಲಾಜಮ್ಮ ಚಪ್ಪಲಿ ಬಿಟ್ಟು ನಾಲೆಗೆ ಇಳಿದಳು. ಮೊಣಕಾಲಿನವರೆಗೆ ನೀರು. ಬೊಗಸೆ ಎತ್ತಿದಳು.

"ಈ ಸರದಿ ನನ್ ಕೈಯಿಂದ ಬದ್ಲಾಗಿಲ್ಲ. ಬದ್ಲಾಗಿದ್ರೆ ಈ ನೀರು ನಂಗೆ ದಕ್ಕದೆ ಓಗ್ಲಿ."

ನೀಲಾಂಬಿಕೆಯೇ ಕೈಚಾಚಿ ಅವಳನ್ನು ಮೇಲಕ್ಕೆ ಎಳೆದುಕೊಂಡಳು. "ಸಾಕು ಬಾರಮ್ಮಿ. ನೀನು ಯೋಳಿದ್ಮೇಲೆ ಮುಗೀತು," ಎಂದಳು.

ಆದರೆ ಮುಗಿಯಲಿಲ್ಲ. ಮಲ್ಲಾಜಮ್ಮ ಅಲ್ಲವಾದರೆ ಇನ್ಯಾರು? ಜನ ಮಂಟಯ್ಯನ ಕಡೆ ತಿರುಗಿದರು. ಬೇರೆ ಕಾಗದ ಮಾಡಿಸಿ ತಂದೆಯಾ ಎಂದು ಒಬ್ಬ ಅವನ ಹೆಗಲು ಹಿಡಿದು ಅಲುಗಾಡಿಸಿದ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದುವ ಮುದುಕ ಅವನು. ತೂಬು ತಿರುಗಿಸುವ ಹಿಡಿಯನ್ನು ಏರಿಯ ಮೇಲೆ ಇಟ್ಟು ಮನೆಗೆ ನಡೆದುಬಿಟ್ಟ. ಆ ಗದ್ದಲದಲ್ಲಿ ತೂಬು ಮುಚ್ಚಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಇನ್ನು ಕೆಲವರು ಗೌರೀಶನ ಹೆಸರೆತ್ತಿದರು. ಅಂಗಡಿಯಲ್ಲಿ ಕೂತೇ ಒಳಗಿಂದೊಳಗೆ ಆಟವಾಡಿದ್ದಾನೆ, ಕರೆಸಿ ಎಂದರು.

ಫೋನು ಹೋದ ಸ್ವಲ್ಪ ಹೊತ್ತಿಗೆ ಗೌರೀಶ್ ಬೈಕಿನಲ್ಲಿ ಬಂದ. ಸಂಘದ ಕೋಣೆಯ ಬಾಗಿಲು ಕಿಟಕಿಗಳಲ್ಲೆಲ್ಲ ಮುಖ. ಸಿಟ್ಟಿನಿಂದಲೇ ಕಂಪ್ಯೂಟರ್ ಹಚ್ಚಿದ. ಫೈಲು ಕೊನೆಯ ಸಲ ಸೇವ್ ಆದ ದಿನವನ್ನು ತೆಗೆದು ಓದಿದ. ಮುದ್ರಿಸಿದ್ದಕ್ಕೆ ಹಿಂದಿನ ಸಂಜೆ. ಆ ಸಂಜೆ ಇಲ್ಲಿ ಕೂತಿದ್ದವರು ಯಾರು ಎಂದು ಕೇಳಿದ.

ನಾನೇ ಎಂದಳು ಮಲ್ಲಾಜಮ್ಮ. ಆದರೆ ನಾನು ಏನೂ ಉಳಿಸಲಿಲ್ಲ, ಸಿದ್ದರಾಜುವಿಗೆ ಸುಮ್ಮನೆ ತೋರಿಸಿ ಮುಚ್ಚಿದೆ ಎಂದಳು.

ಗೌರೀಶನ ಸಿಟ್ಟು ಮುಖದಿಂದ ಹಾಗೇ ಇಳಿದುಹೋಯಿತು. ಅವನಿಗೆ ಅಲ್ಲಿಗೇ ತಿಳಿದಿತ್ತು. ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದ. ಗುಣಿಸುವ ಗುರುತು ಒತ್ತಿದ. ಫೈಲು ಮುಚ್ಚಿಕೊಂಡಿತು, ಏನೂ ಕೇಳಲಿಲ್ಲ. ಮತ್ತೆ ತೆರೆದ. ಗೌರೀಶ್ ಎಂಬ ಹೆಸರು ಅಲ್ಲೇ ಕೂತಿತ್ತು.

"ಅಕ್ಕ, ಮುಚ್ಚೋಕೆ ಮುಂಚೆ ತಾನೇ ಸೇವ್ ಮಾಡ್ಕೊಳುತ್ತೆ ಅಂದಿದ್ನಲ್ಲ. ಅದಕ್ಕೆ ಬೇಕಾದ್ದು ಯಾವ್ದು ಬ್ಯಾಡದ್ದು ಯಾವ್ದು ಗೊತ್ತಾಗಲ್ಲ. ಏನಿದ್ರೂ ಉಳಿಸ್ಕೊಳುತ್ತೆ."

"ನಾನು ದಿನಾ ಬ್ಯಾಡ ಅಂತಿದ್ನಲ್ಲೋ," ಎಂದಳು ಮಲ್ಲಾಜಮ್ಮ. ದನಿ ತೀರ ಸಣ್ಣದಾಗಿತ್ತು. "ಕಲ್ತ್ಕೊಂಡದೆ ಅಂದ್ಕಂಡೆ."

ಅವಳು ಪರದೆಯ ಮೇಲಿದ್ದ ಗೌರೀಶನ ಹೆಸರನ್ನು ಬೆರಳಿನಿಂದ ಮುಟ್ಟಿದಳು, ಗಾಜಿನ ಮೇಲೆ ಉಜ್ಜಿದಳು, ಧೂಳು ಒರೆಸುವ ಹಾಗೆ. ಆಮೇಲೆ ಆ ಬೆರಳನ್ನೇ ನೋಡಿಕೊಂಡಳು. ಈಗಷ್ಟೇ ಅದೇ ಬೆರಳುಗಳನ್ನು ಕೂಡಿಸಿ ಬೊಗಸೆ ಮಾಡಿ ನೀರೆತ್ತಿದ್ದಳು. ನನ್ನ ಕೈಯಿಂದಲ್ಲ ಎಂದಿದ್ದಳು. ಅದು ನೆನಪಾದಕೂಡಲೆ ಕುರ್ಚಿಯಿಂದ ಎದ್ದಳು. ಬಾಗಿಲಲ್ಲಿದ್ದ ಜನಕ್ಕೂ ಅದೇ ಹೊಳೆದಿರಬೇಕು, ಒಬ್ಬೊಬ್ಬರಾಗಿ ಹಿಂದೆ ಸರಿದರು. ಸಿದ್ದರಾಜು ಮಾತ್ರ ಒಳಗೆ ಬಂದು, ಬೇಡ ಎಂದು ಆವತ್ತು ತಾನೇ ಹೇಳಿ ಹೋದದ್ದು, ಆಮೇಲೆ ಹೆಸರು ಕಂಡು ಸುಮ್ಮನಿದ್ದದ್ದು ಎಲ್ಲವನ್ನೂ ಎಲ್ಲರೆದುರು ಹೇಳಿದ. ಹೇಳಿ, ತಾನೇ ಓಡಿ ತನ್ನ ತೂಬು ಮುಚ್ಚಿ ನೀರನ್ನು ಕೆಳಕ್ಕೆ ಬಿಟ್ಟ.

ಮಲ್ಲಾಜಮ್ಮ ಮೊದಲು ಹೋದದ್ದು ಮಂಟಯ್ಯನ ಮನೆಗೆ. ಹೊಸ್ತಿಲಲ್ಲಿ ಕೂತಿದ್ದ ಅವನ ಎದುರು ನಿಂತು, ತಪ್ಪು ನನ್ನದು, ಬೈಸಿಕೊಂಡವನು ನೀನು ಎಂದಳು. ಅವನು ಎದ್ದು ಟವಲು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಬಂದ. ಅವಳು ನೇರ ಕೊನೆಯ ತೂಬಿಗೆ ನಡೆದಳು.

ಅಲ್ಲಿಗೆ ನೀರು ಮುಟ್ಟಿತ್ತು, ಕೋಣೆಯಲ್ಲಿ ನಡೆದ ಸುದ್ದಿಯೂ ಮುಟ್ಟಿತ್ತು. ನೀಲಾಂಬಿಕೆ ಆಳುಗಳ ಜೊತೆ ಬಗ್ಗಿ ನಾಟಿ ಹಾಕುತ್ತಿದ್ದಳು. ಅವಳು ಮೇಲಿನ ತೂಬಿನಿಂದ ಹಿಂದಿರುಗಿದ ಮೇಲೆ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಪೈರಿನ ಬೇರಿಗೆ ಚಿಮುಕಿಸಿ ಉಳಿಸಿಕೊಂಡಷ್ಟು ಉಳಿದಿತ್ತು. ಉಳಿಯದ ಕಟ್ಟುಗಳು ಬದುವಿನ ಮೇಲೆ ಹುಲ್ಲಿನಂತೆ ಬಿದ್ದಿದ್ದವು. ಅವುಗಳನ್ನು ನೋಡಿ ಮಲ್ಲಾಜಮ್ಮನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಓಡಲಿಲ್ಲ, ಕಾಲುವೆಗೆ ಇಳಿದಳು. ಜನ ಹಿಂದೆಯೇ ಬಂದಿದ್ದರು.

ಬೊಗಸೆ ಎತ್ತಿ, ನಾನು ಆಗ ಆಡಿದ ಮಾತು ಸುಳ್ಳು, ಸರದಿ ಬದಲಾದದ್ದು ನನ್ನ ಕೈಯಿಂದಲೇ, ಇವತ್ತಿಗೆ ನೀರಿನ ಕೆಲಸ ಬಿಟ್ಟೆ ಎಂದಳು. ಏರಿಯ ಮೇಲಿದ್ದ ಹಿರಿಯರೊಬ್ಬರು, ಗೊತ್ತಿಲ್ಲದೆ ಆಡಿದ್ದು ಸುಳ್ಳಾಗುವುದಿಲ್ಲ, ಮೇಲೆ ಬಾ ಎಂದರು. ಹೌದು ಹೌದು ಎಂದು ಹಲವರು ದನಿಗೂಡಿಸಿದರು. ಅವಳು ಬರಲಿಲ್ಲ. ನೀಲಾಂಬಿಕೆಯ ಕಡೆ ನೋಡುತ್ತ ನಿಂತಳು. ಇವಳು ಏನು ಹೇಳುತ್ತಾಳೋ ಅದೇ ತೀರ್ಪು ಎನ್ನುವುದು ಎಲ್ಲರಿಗೂ ತಿಳಿಯಿತು.

ನೀಲಾಂಬಿಕೆ ಸೊಂಟ ನೆಟ್ಟಗೆ ಮಾಡಿಕೊಂಡು ಕೆಸರುಗೈಯಲ್ಲೇ ಬದುವಿಗೆ ಬಂದಳು.

"ಮಿಶನ್ನು ಗೊತ್ತಿಲ್ದೆ ಮಾಡ್ತು. ಸರಿ. ನೀನು ಗೊತ್ತಿಲ್ದೆ ಆಣೆ ಇಟ್ಟೆ. ಅದೂ ಸರಿ. ಒಂದು ಕೇಳ್ತೀನಿ, ನಿಜ ಯೋಳು. ಆ ಸಿದ್ದರಾಜುಗೆ ತೋರ್ಸಕೆ ಒಂದ್ ಹೆಸ್ರು ಕೆಳಗಾಕ್ಬೇಕಾಗಿತ್ತು. ನಮ್ಮೂರಲ್ಲಿ ಅಷ್ಟು ಹೆಸ್ರವೆ. ನನ್ದನ್ನೇ ಯಾಕಮ್ಮಿ ಎತ್ತಾಕ್ದೆ?"

ಅವನು ಗುರುವಾರ ಕೇಳಿದ, ಗುರುವಾರ ನಿನ್ನದಾಗಿತ್ತು ಎಂದು ಹೇಳಲು ಮಲ್ಲಾಜಮ್ಮ ಬಾಯಿ ತೆರೆದಳು. ಅದು ಆ ದಿನದ ಮಟ್ಟಿಗೆ ನಿಜವೂ ಹೌದು. ಆದರೆ ನೀರಿನಲ್ಲಿ ನಿಂತಿದ್ದಳಲ್ಲ, ನಾಲಗೆ ಏಳಲಿಲ್ಲ. ಅವಳಿಗೆ ಹಿಂದಿನ ಸಂಜೆಗಳೆಲ್ಲ ಕಣ್ಣ ಮುಂದೆ ಬಂದವು. ಸೋಮವಾರ ಕೇಳಿದವನಿಗೂ, ಶನಿವಾರ ಕೇಳಿದವನಿಗೂ, ಎಷ್ಟೋ ಸಲ ಅವಳು ಒಣಗಿಸಿ ತೋರಿಸಿದ್ದು ಈ ಒಂದೇ ಹೆಸರನ್ನು. ಬೇರೆಯವರ ಹೆಸರು ಕೆಳಗೆ ಬಿದ್ದದ್ದು ಸುದ್ದಿಯಾದರೆ ಅವರು ಜಗಳಕ್ಕೆ ಬರುತ್ತಾರೆ. ಈ ಹೆಸರಿನವಳು ಬರುವುದಿಲ್ಲ. ಬೆರಳಿಗೆ ಅದು ಗೊತ್ತಿತ್ತು. ಇಷ್ಟು ವರ್ಷದಲ್ಲಿ ಅವಳಿಗೆ ಗೊತ್ತಾಗಿರಲಿಲ್ಲ. ಬೆಳಗಿನಿಂದ ಬಿದ್ದ ಪೆಟ್ಟುಗಳೆಲ್ಲ ಒಂದು ತೂಕ, ಇದೊಂದೇ ಒಂದು ತೂಕ.

"ನೀನು ಜಗಳ ಆಡಲ್ಲ ಅಂತ ಕಣೆ ನೀಲವ್ವ," ಎಂದಳು.

ನಾಟಿ ಆಳುಗಳು ಕೈಯಲ್ಲಿದ್ದ ಪೈರು ಹಾಗೇ ಹಿಡಿದು ನಿಂತರು. ನೀಲಾಂಬಿಕೆ ಕೈಯ ಕೆಸರನ್ನು ಬೆರಳಿನಿಂದ ಬೆರಳಿಗೆ ತೀಡಿಕೊಳ್ಳುತ್ತಿದ್ದಳು.

"ನನ್ ಒಳ್ಳೇತನಾನೇ ನನ್ ಗದ್ದೆಗೆ ನೀರಿಲ್ದಂಗೆ ಮಾಡ್ತು ಅನ್ನು," ಎಂದಳು ಕೊನೆಗೆ. "ಆಗ್ಲಿ. ಇನ್ಮೇಲೆ ಜಗಳ ಆಡ್ತೀನಿ. ಮೊದ್ಲು ನಿನ್ ಜೊತೇಲೆ. ಕೆಲ್ಸ ಬುಟ್ಟು ಓಯ್ತೀನಿ ಅಂತೀಯಲ್ಲ, ಅದು ನಿಂಗೆ ಸಲೀಸು. ನಾನು ಯಾರ್ ಮೇಲೆ ಕೂಗಾಡ್ಲಿ? ಇಳಿ ಗದ್ದೆಗೆ. ಒಂದಾಳು ಕಮ್ಮಿ ಅದೆ."

ಮಲ್ಲಾಜಮ್ಮ ಕಾಲುವೆಯಿಂದ ಗದ್ದೆಗೆ ಇಳಿದಳು. ಹೊತ್ತು ಮುಳುಗುವವರೆಗೆ ಇಬ್ಬರೂ ಪಕ್ಕಪಕ್ಕದಲ್ಲಿ ಬಗ್ಗಿ ನಾಟಿ ಹಾಕಿದರು. ಪೈರು ಸಾಲದೆ ಒಂದು ಮೂಲೆ ಖಾಲಿ ಉಳಿಯಿತು. ಸಿದ್ದರಾಜು ತನ್ನ ಒಟ್ಲಿನಿಂದ ಮಿಕ್ಕ ಕಟ್ಟುಗಳನ್ನು ಹೊತ್ತು ತಂದಾಗ ನೀಲಾಂಬಿಕೆ ಅವನನ್ನೂ ಬಿಡಲಿಲ್ಲ. ಹೆಸರು ಕಂಡಾಗ ಬಾಯಿಗೆ ಏನು ತುಂಬಿಕೊಂಡಿದ್ದೆ ಎಂದು ಕೇಳಿಯೇ ಪೈರು ಇಳಿಸಿಕೊಂಡಳು.

ಗೌರೀಶ್ ಮ್ಯಾಕ್ರೊ ತಿದ್ದಿಕೊಟ್ಟಿದ್ದಾನೆ. ಈಗ ಫೈಲು ಮುಚ್ಚಲು ಹೋದರೆ ಯಾರ ಹೆಸರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮೊದಲು ತೋರಿಸುತ್ತದೆ. ಆಮೇಲೆ, ಉಳಿಸಲೋ ಬಿಡಲೋ ಎಂದು ಕನ್ನಡದಲ್ಲೇ ಕೇಳುತ್ತದೆ. ಉತ್ತರವನ್ನು ಒತ್ತಿದರೆ ಸಾಲದು, ಅಕ್ಷರದಲ್ಲಿ ಬರೆಯಬೇಕು. ಬೆರಳು ತನ್ನ ಪಾಡಿಗೆ ತಾನು ಓಡದಿರಲಿ ಎಂದು ಮಲ್ಲಾಜಮ್ಮನೇ ಹೇಳಿ ಹಾಗೆ ಮಾಡಿಸಿದಳು. ತೋರಿಸಲಿಕ್ಕೆ ಬೇರೆಯೇ ಹಾಳೆ ಇದೆ, ಅದರಲ್ಲಿ ಒಂದು ಹೆಸರನ್ನು ಹಿಂದಕ್ಕೆ ಹಾಕಬೇಕಾದರೆ ಅವಳು ತನ್ನದೇ ಅರ್ಧ ಎಕರೆ ಗದ್ದೆಯ ಹೆಸರನ್ನು ಹಾಕುತ್ತಾಳೆ.

ನೀಲಾಂಬಿಕೆ ಮಾತಿಗೆ ತಪ್ಪಲಿಲ್ಲ. ಮುಂದಿನ ಸುತ್ತಿನ ಸರದಿ ಮುದ್ರಿಸುವ ಬೆಳಿಗ್ಗೆ ಸಂಘದ ಕೋಣೆಗೆ ಬಂದು ಕುರ್ಚಿ ಎಳೆದು ಕೂತಳು. ಫೈಲು ಮುಚ್ಚಿಸಿದಳು, ತೆರೆಸಿದಳು, ಮತ್ತೆ ಮುಚ್ಚಿಸಿದಳು. ಪೆಟ್ಟಿಗೆ ಕೇಳಿದಾಗಲೆಲ್ಲ ಗಟ್ಟಿಯಾಗಿ ಓದು ಎಂದಳು. ಹೋದ ಸಲ ತನ್ನ ನೀರು ಹೊತ್ತೇರಿದ ಮೇಲೆ ಬಂತು, ಆ ಹೊತ್ತನ್ನು ಈ ಸಲ ಸೇರಿಸಿ ಕೊಡು ಎಂದು ಪಟ್ಟು ಹಿಡಿದಳು. ಅವಳ ದನಿ ಏರಿಯವರೆಗೂ ಕೇಳಿಸುತ್ತಿತ್ತು. ಹೊರಗೆ ತನ್ನ ಪಾಳಿಗಾಗಿ ಕಾದು ನಿಂತಿದ್ದ ಸಿದ್ದರಾಜು, ಆಯಮ್ಮನದು ಮುಗಿಯಿತೇ ಎಂದು ಮಂಟಯ್ಯನನ್ನು ಕೇಳಿದ.

ಈಗ ಶುರುಮಾಡಿದ್ದಾರೆ ಎಂದ ಮಂಟಯ್ಯ, ಬೀಡಿ ಹಚ್ಚುತ್ತ.